ತೂಕ ಅವರದು, ಕೊಸರು ನಮ್ಮದು

ಬೆಂಗಳೂರಿನ ಹಳೆಯ ಪೇಟೆಗಳ ಹೆಸರುಗಳನ್ನು ಒಂದರ ಕೆಳಗೊಂದು ಬರೆದರೆ ಅದೊಂದು ಸರಕುಪಟ್ಟಿಯೇ ಆಗುತ್ತದೆ: ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ. ಕುಂಬಾರಪೇಟೆ, ಗಾಣಿಗರಪೇಟೆಗಳು ಕಸುಬಿನ ಹೆಸರು ಹೊತ್ತವು. 1537ರಲ್ಲಿ ಕೆಂಪೇಗೌಡರು ಕೋಟೆ ಕಟ್ಟಿ ನೆಲೆಗೊಳಿಸಿದ ಈ ಊರಿನ ಬೀದಿಗಳ ಗುರುತೇ ವ್ಯಾಪಾರ. ಅಂತಹ ಬಳೇಪೇಟೆಯ ಅಡ್ಡರಸ್ತೆಯೊಂದರಲ್ಲಿ ನಮ್ಮ ತಂದೆಯವರ ದಿನಸಿ ಅಂಗಡಿಯಿತ್ತು. ಮುಂದೆ ಅಂಗಡಿ, ಹಿಂದೆ ಮನೆ.

ಬೆಳಗಿನ ಬೋಣಿಗೆ ಮುಂಚೆ ತಂದೆಯವರು ತಕ್ಕಡಿಯ ತಟ್ಟೆಗಳನ್ನು ಒರೆಸಿ, ಬರಿದಾಗಿಯೇ ಎತ್ತಿಹಿಡಿದು, ಮುಳ್ಳು ನಡುವೆ ನಿಂತಿತೆಂದು ಕಂಡ ಮೇಲೆಯೇ ಗಲ್ಲಾಪೆಟ್ಟಿಗೆಗೆ ಊದುಬತ್ತಿ ಹಚ್ಚುತ್ತಿದ್ದರು. ಎದುರಿನ ವಾದ್ಯಗಳ ಅಂಗಡಿಯಲ್ಲಿ ತಂಬೂರಿಯ ಶ್ರುತಿ ಕೂಡಿಸುವ ಸದ್ದು ಆಗ ಕೇಳಿಸುತ್ತಿತ್ತು. ಪಕ್ಕದ ಗ್ರಂಥಿಗೆ ಅಂಗಡಿಯಿಂದ ಪಚ್ಚಕರ್ಪೂರದ, ಬಜೆಯ ವಾಸನೆ ಬರುತ್ತಿತ್ತು. ಚಿಕ್ಕಪೇಟೆಯ ಕಡೆ ಹೋದರೆ ರೇಷ್ಮೆ ವರ್ತಕರು ಬಿಳಿ ಹಾಸಿನ ಮೇಲೆ ಕುಳಿತು ಸೀರೆ ಬಿಡಿಸುತ್ತಿದ್ದರು. ಯಾವ ಅಂಗಡಿಯವರು ಊಟಕ್ಕೆ ಎದ್ದರೂ ಪಕ್ಕದವರು ಗಿರಾಕಿಯನ್ನು ಕೂರಿಸಿಕೊಳ್ಳುತ್ತಿದ್ದರು.

ನಮ್ಮ ಬೀದಿಯಲ್ಲಿ ಕೊಸರಿಲ್ಲದೆ ವ್ಯಾಪಾರ ಮುಗಿಯುತ್ತಿರಲಿಲ್ಲ. ಬೇಳೆ ಕೊಂಡವರಿಗೆ ಒಂದು ಎಸಳು ಕರಿಬೇವು, ಜತೆಯಲ್ಲಿ ಬಂದ ಮಗುವಿಗೆ ಒಂದು ಹಿಡಿ ಹುರಿಗಡಲೆ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಪದ್ಧತಿ ಜಾರಿಗೆ ಬಂದಾಗ ಈ ಕೊಸರು ಇನ್ನಷ್ಟು ಕೆಲಸಕ್ಕೆ ಬಂತು. ಹದಿನಾರು ಆಣೆಯ ರೂಪಾಯಿ ನೂರು ನಯಾ ಪೈಸೆಯದಾಯಿತು. ಲೆಕ್ಕದಂತೆ ಒಂದು ಆಣೆಗೆ ಆರೂಕಾಲು ಪೈಸೆಯಾಗಬೇಕು. ಕಾಲು ಪೈಸೆಯ ನಾಣ್ಯವೆಲ್ಲಿ? ಆದ್ದರಿಂದ ಒಂದು ಆಣೆಗೆ 6, ಎರಡಕ್ಕೆ 12, ಮೂರಕ್ಕೆ 19, ನಾಲ್ಕಕ್ಕೆ 25 ಎಂದು ಗೊತ್ತುಪಡಿಸಿದ್ದರು. ಮೂರು ಆಣೆಯ ಸಾಮಾನನ್ನು ಒಮ್ಮೆಗೆ ಕೊಂಡರೆ 19 ಪೈಸೆ, ಆಣೆಯಂತೆ ಮೂರು ಸಲ ಕೊಂಡರೆ 18! ಬೀದಿಯ ಹುಡುಗರು ಇದನ್ನು ಬೇಗ ಕಂಡುಕೊಂಡರು. ತಂದೆಯವರು ನಕ್ಕು, ಒಮ್ಮೆಗೆ ಕೊಂಡವರಿಗೆ ಕೊಸರಿನಲ್ಲಿ ಆ ಪೈಸೆಯನ್ನು ಸರಿದೂಗಿಸುತ್ತಿದ್ದರು.

ತೂಕದ ಬದಲಾವಣೆ ಅಷ್ಟು ಸುಲಭವಾಗಿರಲಿಲ್ಲ. 1956ರ ಕಾಯಿದೆಯ ಮೇರೆಗೆ ಸೇರು ಹೋಗಿ ಕಿಲೋಗ್ರಾಂ ಹಂತ ಹಂತವಾಗಿ ಬಂತು. ಎಂಬತ್ತು ತೊಲದ ಸೇರು ಸುಮಾರು 933 ಗ್ರಾಂ. ಕಿಲೋ ಅದಕ್ಕಿಂತ 67 ಗ್ರಾಂ ಹೆಚ್ಚಾದ್ದರಿಂದ ಬೆಲೆಯೂ ಅಷ್ಟು ಹೆಚ್ಚಿರಲೇಬೇಕು. ಗಿರಾಕಿಗಳಿಗೆ ಮಾತ್ರ ಕಂಡದ್ದು ಬೆಲೆಯೇರಿಕೆ. ತಂದೆಯವರು ಎರಡು ತಟ್ಟೆಗಳಲ್ಲಿ ಸೇರಿನ ಕಲ್ಲನ್ನೂ ಕಿಲೋ ಕಲ್ಲನ್ನೂ ಎದುರುಬದುರು ಇಟ್ಟು, ತಟ್ಟೆ ವಾಲುವುದನ್ನು ಒಬ್ಬೊಬ್ಬರಿಗೂ ತೋರಿಸುತ್ತಿದ್ದರು.

ಆ ದಿನಗಳಲ್ಲೇ ಒಂದು ಸಂಜೆ ನನ್ನನ್ನು ಅಂಗಡಿಯಲ್ಲಿ ಕೂರಿಸಿ ಅವರು ಸರಕಿಗಾಗಿ ತರಗುಪೇಟೆಗೆ ಹೋದರು. ಹಬ್ಬದ ಹಿಂದಿನ ದಿನ; ಬೆಲ್ಲಕ್ಕೆ ಗಿರಾಕಿ ಹೆಚ್ಚು. ಹಿಂದಿರುಗಿದವರು ತಟ್ಟೆಯ ಕಡೆ ನೋಡಿ ನಿಂತುಬಿಟ್ಟರು. ನಾನು ಅರ್ಧ ಕಿಲೋದ ಬೆಲೆ ತೆಗೆದುಕೊಂಡು, ರೂಢಿಯಂತೆ ಅರ್ಧ ಸೇರಿನ ಕಲ್ಲಿನಲ್ಲಿ ತೂಗಿದ್ದೆ. ಹನ್ನೊಂದು ಮಂದಿಗೆ ತಲಾ 33 ಗ್ರಾಂ ಕಡಿಮೆ. ಎಲ್ಲ ಕೂಡಿಸಿದರೂ 400 ಗ್ರಾಂ ಬೆಲ್ಲವಿಲ್ಲ. “ಎಲ್ಲರಿಗೂ ಕೊಸರು ಕೊಟ್ಟಿದ್ದೇನಪ್ಪ” ಎಂದೆ. ಅವರು ಗದರಲಿಲ್ಲ. “ಕೊಸರು ನಮ್ಮದು, ತೂಕ ಅವರದು. ಅವರದನ್ನು ಮೊದಲು ಕೊಟ್ಟು ಬಾ” ಎಂದು ಹನ್ನೊಂದು ಪೊಟ್ಟಣ ಕಟ್ಟಿದರು.

ಒಂಬತ್ತು ಹೆಸರು ಉದ್ದರಿ ಪುಸ್ತಕದಲ್ಲಿದ್ದವು. ದೀಪ ಹಚ್ಚಿದ ಗಲ್ಲಿಗಳಲ್ಲಿ ಮನೆ ಮನೆ ಹುಡುಕಿ ಹೋದೆ. ಒಬ್ಬರು ಬಾಗಿಲಲ್ಲೇ ನಕ್ಕರು. ಒಬ್ಬ ಅಜ್ಜಿ ಪೊಟ್ಟಣವನ್ನು ಅಂಗೈಯಲ್ಲಿ ತೂಗಿ ನೋಡಿ ಒಳಗಿಟ್ಟರು. ಗಿರಣಿಗೆ ಹೋಗುವ ಒಬ್ಬರು ಮಾತ್ರ, “ಇಷ್ಟು ದಿನವೂ ಹೀಗೆಯೇ ತೂಗುತ್ತಿದ್ದಿರೋ ಏನೋ” ಎಂದರು. ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಹತ್ತನೆಯದು ನೆರೆಮನೆಯದು. ಹನ್ನೊಂದನೆಯವರು ಹಳ್ಳಿಯಿಂದ ಬಂದು ನಗದು ಕೊಟ್ಟು ಹೋದವರು; ಊರು ಹೆಸರು ತಿಳಿಯದು. ಆ ಪೊಟ್ಟಣವನ್ನು ತಂದೆಯವರು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಟ್ಟರು.

ಹಳೆಯದೆಲ್ಲ ಹೊನ್ನೆಂದು ನಾನು ಹೇಳಲಾರೆ. ಕೈತುಂಬ ಕೊಸರು ಕೊಟ್ಟು ತೂಕದಲ್ಲಿ ತಿನ್ನುವ ಅಂಗಡಿಗಳೂ ನಮ್ಮ ಪೇಟೆಯಲ್ಲಿದ್ದವು. ಉದ್ದರಿ ಪುಸ್ತಕವನ್ನು ನಂಬಿ ಕೆಟ್ಟವರೂ ಇದ್ದರು. ನಮ್ಮ ಪುಸ್ತಕದಲ್ಲಿಯೂ ವಸೂಲಾಗದ ಪುಟಗಳು ಉಳಿದವು. ಮಕ್ಕಳು ಬೇರೆ ಬೇರೆ ಉದ್ಯೋಗ ಹಿಡಿದ ಮೇಲೆ ಅಂಗಡಿ ಕೈಬದಲಾಯಿತು. 2017ರ ಜೂನ್ ತಿಂಗಳಲ್ಲಿ ಚಿಕ್ಕಪೇಟೆಗೆ ನೆಲದಡಿಯ ಮೆಟ್ರೋ ಬಂತು; ಮರುತಿಂಗಳ ಮೊದಲ ದಿನವೇ ಜಿಎಸ್‌ಟಿ ಬಂತು. ಆಣೆ, ಸೇರುಗಳ ಕಾಲದಲ್ಲಿ ನಾವು ಪಟ್ಟ ಗಲಿಬಿಲಿಯನ್ನು ಇಂದಿನ ವರ್ತಕರು ತೆರಿಗೆ ದರಗಳ ಪಟ್ಟಿಯ ಮುಂದೆ ಪಟ್ಟಿದ್ದಾರೆ.

ಇಂದು ಕೊಸರಿಗೆ ರಿಯಾಯಿತಿ, ಅಂಕ, ಉಡುಗೊರೆ ಕೂಪನ್ ಎಂಬ ಹೆಸರುಗಳಿವೆ. ದೊಡ್ಡ ಬಂಡವಾಳದ ಮಳಿಗೆಗಳು ಅದನ್ನು ನಮಗಿಂತ ಧಾರಾಳವಾಗಿ ಕೊಡಬಲ್ಲವು. ಆ ಪೈಪೋಟಿಯಲ್ಲಿ ಸಣ್ಣ ವರ್ತಕನು ಗೆಲ್ಲುವುದು ಕಷ್ಟ. ಆದರೆ ಗೊತ್ತಿಲ್ಲದೆ ಆದ ಲೋಪವನ್ನು, ಗಿರಾಕಿ ಕೇಳುವ ಮೊದಲೇ, ಅವರ ಮನೆಬಾಗಿಲಿಗೆ ಹೋಗಿ ತುಂಬಿಕೊಡುವುದು ಗಿರಾಕಿಯ ಮನೆ ಬಲ್ಲವನಿಗೆ ಮಾತ್ರ ಸಾಧ್ಯ. ಸಣ್ಣ ಅಂಗಡಿಯ ಬಂಡವಾಳ ಅದೇ.

ಹಳ್ಳಿಯ ಆ ಗಿರಾಕಿ ಮತ್ತೆ ಬರಲಿಲ್ಲ. ಮಳೆಗಾಲದಲ್ಲಿ ಬೆಲ್ಲ ನೀರೊಡೆದಾಗ ತಂದೆಯವರು ಅದನ್ನು ತೆಗೆದು, ಅಷ್ಟೇ ತೂಕದ ಹೊಸ ಬೆಲ್ಲ ಕಟ್ಟಿ, ಅದೇ ಜಾಗದಲ್ಲಿಟ್ಟರು.