ಫೇಶಿಯಲ್ ಆಯ್ತು, ಬಿಸಿಲಿಗೆ ಹುಷಾರು!

ಶ್ರಾವಣ ಬಂತೆಂದರೆ ಬ್ಯೂಟಿ ಪಾರ್ಲರ್‌ಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಮುತ್ತೈದೆಯರನ್ನು ಕರೆಯಬೇಕು, ನಾಲ್ಕು ಮನೆಗೆ ಅರಿಶಿನ-ಕುಂಕುಮಕ್ಕೆ ಹೋಗಬೇಕು. ಮುಖ ಸ್ವಲ್ಪ ಕಳೆಕಳೆಯಾಗಿರಲಿ ಅಂತ ಯಾರಿಗೆ ಆಸೆ ಇರೋಲ್ಲ ಹೇಳಿ? ಬ್ಲೀಚ್, ಫೇಶಿಯಲ್, ಥ್ರೆಡ್ಡಿಂಗ್, ವ್ಯಾಕ್ಸಿಂಗ್ ಎಲ್ಲವೂ ಒಂದೇ ದಿನ ಮುಗಿದುಬಿಡುತ್ತದೆ. ಚರ್ಮದ ಕ್ಲಿನಿಕ್‌ಗೆ ಹೋಗಿ ಕೆಮಿಕಲ್ ಪೀಲ್, ಲೇಸರ್ ಮಾಡಿಸಿಕೊಳ್ಳುವವರೂ ಈಗ ಕಡಿಮೆಯೇನಿಲ್ಲ.

ಮರುದಿನ ಕನ್ನಡಿಯಲ್ಲಿ ಮುಖ ಹೊಳೆಯುತ್ತದೆ. ಆದರೆ ಕೆಲವರಿಗೆ ಹದಿನೈದು ದಿನ ಕಳೆಯುವಷ್ಟರಲ್ಲಿ ಕೆನ್ನೆಯ ಮೇಲೆ, ಮೇಲ್ದುಟಿಯ ಮೇಲೆ ಕಂದು ಛಾಯೆ! 'ಪಾರ್ಲರ್‌ನವಳು ಅದೇನು ಹಚ್ಚಿದಳೋ' ಎಂದು ಬೈಯುವುದುಂಟು. ಎಷ್ಟೋ ಸಲ ಕ್ರೀಮಿಗಿಂತ ದೊಡ್ಡ ತಪ್ಪಿತಸ್ಥ ಆಮೇಲೆ ಬಿದ್ದ ಬಿಸಿಲು.

ಯಾಕೆ ಹೀಗೆ?

ಚರ್ಮದ ಮೇಲಿನ ಸತ್ತ ಕೋಶಗಳ ಪದರವೇ ನಮಗೆ ಕಾವಲು. ಸ್ಕ್ರಬ್, ವ್ಯಾಕ್ಸ್, ಪೀಲ್ ಇವೆಲ್ಲ ಆ ಪದರವನ್ನೇ ತೆಗೆಯುತ್ತವೆ. ಹೊಳಪು ಬರುವುದು ಅದರಿಂದಲೇ, ಕಾವಲು ತಪ್ಪುವುದೂ ಅದರಿಂದಲೇ. ಒಳಗಿನ ಎಳೆಯ ಚರ್ಮಕ್ಕೆ ಬಿಸಿಲು ತಗುಲಿದಾಗ ಅದು ತನ್ನನ್ನು ಕಾಪಾಡಿಕೊಳ್ಳಲು ಮೆಲನಿನ್ ಎಂಬ ವರ್ಣದ್ರವ್ಯವನ್ನು ಹೆಚ್ಚು ತಯಾರಿಸುತ್ತದೆ. ನಮ್ಮಂಥ ಗೋಧಿ, ಕಂದು ಮೈಬಣ್ಣದವರಲ್ಲಿ ಇದು ಇನ್ನೂ ಸುಲಭ. ಕಲೆ ಬೀಳಲು ಕೆಲವೇ ದಿನ ಸಾಕು, ಹೋಗಲು ತಿಂಗಳುಗಳೇ ಬೇಕು.

'ಮೋಡ ಇದೆಯಲ್ಲ' ಅನ್ನಬೇಡಿ

ಬೆಂಗಳೂರಿನವರನ್ನು ತಂಪು ಗಾಳಿ ಮೋಸಗೊಳಿಸುತ್ತದೆ. ಸೆಕೆ ಇಲ್ಲದಿದ್ದರೂ ಅತಿನೇರಳೆ ಕಿರಣಗಳು ಇರುತ್ತವೆ. ತೆಳು ಮೋಡ ಅವನ್ನು ತಡೆಯುವುದಿಲ್ಲ. ಸಮುದ್ರಮಟ್ಟದಿಂದ ಎತ್ತರ ಹೆಚ್ಚಿದಷ್ಟೂ ಈ ಕಿರಣಗಳು ಹೆಚ್ಚು. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಇಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡು ಸಲ: ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು. ಮೊದಲನೆಯದು ಮದುವೆ ಸೀಸನ್, ಎರಡನೆಯದು ಹಬ್ಬದ ಸೀಸನ್. ಪಾರ್ಲರ್‌ಗೆ ಮುಗಿಬೀಳುವುದೂ ಆಗಲೇ!

'ನಾನೇನು ಬಿಸಿಲಲ್ಲಿ ತಿರುಗಲ್ಲ, ಮನೇಲೇ ಇರ್ತೀನಿ' ಅನ್ನುತ್ತೀರಾ? ಲೆಕ್ಕ ಹಾಕಿ ನೋಡಿ. ತಾರಸಿಯಲ್ಲಿ ಬಟ್ಟೆ ಒಣಗಹಾಕಲು ಹತ್ತು ನಿಮಿಷ, ತರಕಾರಿ ಗಾಡಿ ಹತ್ತಿರ ಚೌಕಾಸಿಗೆ ಹತ್ತು, ಮಗುವಿನ ಸ್ಕೂಲ್ ವ್ಯಾನ್ ಕಾಯಲು ಹದಿನೈದು. ಇನ್ನು ಕಿಟಕಿಯ ಮಾಮೂಲಿ ಗಾಜು ಕೂಡ ಯುವಿ-ಎ ಕಿರಣವನ್ನು ಪೂರ್ತಿ ತಡೆಯುವುದಿಲ್ಲ.

ಯಾವುದಕ್ಕೆ ಎಷ್ಟು ದಿನ ಎಚ್ಚರ?

* ಥ್ರೆಡ್ಡಿಂಗ್, ವ್ಯಾಕ್ಸಿಂಗ್, ಬ್ಲೀಚ್: ಮೊದಲ ಎರಡು ದಿನ ನೇರ ಬಿಸಿಲು ಬೇಡ. ಕೆಂಪು, ಉರಿ ಇದ್ದರೆ ಅದು ಇಳಿಯುವವರೆಗೂ ಬೇಡ.

* ಗ್ಲೈಕಾಲಿಕ್ ಆಮ್ಲದಂಥ ಕ್ರೀಮ್: ಹಚ್ಚುವಷ್ಟು ದಿನವೂ, ನಿಲ್ಲಿಸಿದ ಮೇಲೆ ಒಂದು ವಾರವೂ ಬಿಸಿಲಿಗೆ ಚರ್ಮ ಸೂಕ್ಷ್ಮ.

* ಕೆಮಿಕಲ್ ಪೀಲ್: ಸಿಪ್ಪೆ ಏಳುವುದು ನಿಂತ ಮೇಲೂ ಕೆಲವು ವಾರ ಜೋಪಾನ. ಏಳುತ್ತಿರುವ ಸಿಪ್ಪೆಯನ್ನು ಉಗುರಿನಿಂದ ಕೀಳಬೇಡಿ, ಕಲೆ ಗ್ಯಾರಂಟಿ.

* ಲೇಸರ್: ಮಾಡಿಸುವ ಮೊದಲೂ, ಆಮೇಲೂ ಕೆಲವು ವಾರ ಬಿಸಿಲಿನಿಂದ ದೂರವಿರಬೇಕು. ಬಿಸಿಲಿಗೆ ಕಪ್ಪಾದ ಚರ್ಮ ಲೇಸರ್ ಶಾಖವನ್ನು ಹೆಚ್ಚು ಹೀರಿಕೊಂಡು ಸುಡಬಹುದು.

ಸನ್‌ಸ್ಕ್ರೀನ್ ಹಚ್ಚುವ ಕ್ರಮ

ಎಸ್‌ಪಿಎಫ್ 30 ಇರುವುದು ಸಾಕು. ಅದು ಯುವಿ-ಬಿ ಕಿರಣದ ಶೇ 97ರಷ್ಟು ತಡೆದರೆ, ಎಸ್‌ಪಿಎಫ್ 50 ತಡೆಯುವುದು ಶೇ 98ರಷ್ಟು. ಯುವಿ-ಎ ತಡೆಗೆ ಡಬ್ಬಿಯ ಮೇಲೆ 'ಪಿಎ+++' ಇದೆಯೇ ನೋಡಿ. ತೋರುಬೆರಳು, ಮಧ್ಯದ ಬೆರಳು ಎರಡರ ಉದ್ದಕ್ಕೂ ಹಿಂಡಿದಷ್ಟು ಕ್ರೀಮ್ ಮುಖ, ಕತ್ತಿಗೆ ಬೇಕು. ಕಡಲೆಕಾಳಿನಷ್ಟು ಹಚ್ಚಿದರೆ ಬರೆದಷ್ಟು ರಕ್ಷಣೆ ಸಿಗದು. ಹೊರಡುವ ಹದಿನೈದು ನಿಮಿಷ ಮೊದಲೇ ಹಚ್ಚಿ. ಹೊರಗಿದ್ದರೆ ಎರಡು ಗಂಟೆಗೊಮ್ಮೆ, ಬೆವರಿ ಮುಖ ಒರೆಸಿದರೆ ಕೂಡಲೇ ಮತ್ತೆ ಹಚ್ಚಿ. ಸೂಕ್ಷ್ಮ ಚರ್ಮಕ್ಕೆ ಜಿಂಕ್ ಆಕ್ಸೈಡ್ ಇರುವುದು ಒಳ್ಳೆಯದು. ಬಂಗು ಇರುವವರಿಗೆ ಬಣ್ಣ ಬೆರೆಸಿದ ಸನ್‌ಸ್ಕ್ರೀನ್ ಹೆಚ್ಚು ಉಪಯುಕ್ತ. ಚರ್ಮ ಕಿತ್ತು ಹಸಿಯಾಗಿದ್ದರೆ ಮಾತ್ರ ವೈದ್ಯರನ್ನು ಕೇಳದೆ ಏನೂ ಹಚ್ಚಬೇಡಿ, ಮನೆಯೊಳಗಿರಿ.

ಕ್ರೀಮ್ ಹಚ್ಚಿದೆನಲ್ಲ ಅಂತ ಕೊಡೆ ಮರೆಯಬೇಡಿ. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಅದು ಜೊತೆಗಿರಲಿ. ಸ್ಕೂಟರ್ ಓಡಿಸುವವರು ಮುಖಕ್ಕೆ ಸುತ್ತುವ ದುಪಟ್ಟಾವನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಬೆಳಕು ಸಲೀಸಾಗಿ ಬಂದರೆ ಬಿಸಿಲೂ ಬರುತ್ತದೆ. ಒತ್ತಾಗಿ ನೇಯ್ದ ಹತ್ತಿ ಬಟ್ಟೆ ಆರಿಸಿ, ಉಜ್ಜದಂತೆ ಸಡಿಲವಾಗಿ ಸುತ್ತಿ.

ಇವು ಬೇಡವೇ ಬೇಡ

* ಕಲೆ ಕಂಡ ತಕ್ಷಣ ನಿಂಬೆಹಣ್ಣು ಉಜ್ಜುವುದು. ನಿಂಬೆರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂತಾಗಿ ಇನ್ನಷ್ಟು ಕಪ್ಪಾಗುತ್ತದೆ.

* ಕಲೆ ಮುಚ್ಚಲು ಮತ್ತೆ ಬ್ಲೀಚ್ ಮಾಡಿಸುವುದು.

* ಪಕ್ಕದ್ಮನೆಯವರು ಹೇಳಿದ ಕ್ರೀಮನ್ನು ಮೆಡಿಕಲ್ ಶಾಪ್‌ನಿಂದ ತಂದು ಹಚ್ಚುವುದು. ಇಂಥವುಗಳಲ್ಲಿ ಸ್ಟೆರಾಯ್ಡ್ ಇರಬಹುದು. ಅದು ಚರ್ಮವನ್ನು ತೆಳುವಾಗಿಸಿ ಬಿಸಿಲಿಗೆ ಇನ್ನೂ ಸೂಕ್ಷ್ಮವಾಗಿಸುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಅನೇಕ ಕ್ರೀಮ್‌ಗಳಿಗೆ ವೈದ್ಯರ ಚೀಟಿ ಕಡ್ಡಾಯ ಮಾಡಿದ್ದು ಸುಮ್ಮನೆ ಅಲ್ಲ.

* ಮೊಡವೆಗೆ ಮಾತ್ರೆ ನುಂಗುತ್ತಿದ್ದರೆ, ರೆಟಿನಾಲ್ ಕ್ರೀಮ್ ಹಚ್ಚುತ್ತಿದ್ದರೆ ಪಾರ್ಲರ್‌ನಲ್ಲಿ ಹೇಳದೇ ಇರುವುದು. ವ್ಯಾಕ್ಸ್ ಎಳೆದಾಗ ಚರ್ಮವೇ ಕಿತ್ತು ಬರಬಹುದು.

ಉರಿ ಇದ್ದರೆ ತಣ್ಣೀರಲ್ಲಿ ಅದ್ದಿದ ಮೆತ್ತನೆ ಬಟ್ಟೆ ಇಡಿ, ಐಸ್ ಉಜ್ಜಬೇಡಿ. ಬೊಬ್ಬೆ ಎದ್ದರೆ, ಕೀವು ಕಂಡರೆ, ಉರಿ ಹೆಚ್ಚುತ್ತಲೇ ಹೋದರೆ ಚರ್ಮದ ವೈದ್ಯರಲ್ಲಿಗೆ ಹೋಗಲು ತಡಮಾಡಬೇಡಿ.

ಇಷ್ಟೆಲ್ಲ ಬೆಳ್ಳಗಾಗಲಿಕ್ಕಲ್ಲ, ಇರುವ ಬಣ್ಣ ಚೆನ್ನಾಗಿ ಉಳಿಯಲಿಕ್ಕೆ. ಮನೆಖರ್ಚಿನಲ್ಲಿ ಉಳಿಸಿದ ದುಡ್ಡು ಕೊಟ್ಟು ಮಾಡಿಸಿಕೊಂಡ ಫೇಶಿಯಲ್ ಬಿಸಿಲಿನ ಪಾಲಾಗುವುದು ಯಾಕೆ? ಹಬ್ಬಕ್ಕೆ ನಾಲ್ಕೈದು ದಿನ ಮೊದಲೇ ಪಾರ್ಲರ್ ಕೆಲಸ ಮುಗಿಸಿ. ಅಪಾಯಿಂಟ್‌ಮೆಂಟ್ ಕೇಳುವಾಗ ಸಂಜೆ ಐದರ ಮೇಲಿನದ್ದೇ ಕೇಳಿ. ಮನೆಗೆ ಬರುವಷ್ಟರಲ್ಲಿ ಬಿಸಿಲು ಇಳಿದಿರುತ್ತದೆ!