ಬೂತ್ ಏಜೆಂಟರ ಬೆಂಚು

2019ರ ಮೇ 12. ಹರಿಯಾಣದ ಫರೀದಾಬಾದ್ ಲೋಕಸಭಾ ಕ್ಷೇತ್ರಕ್ಕೆ ಸೇರಿದ ಅಸಾವಟಿ ಎಂಬ ಊರಿನ ಮತಗಟ್ಟೆ. ಮಹಿಳೆಯೊಬ್ಬರು ಮತಯಂತ್ರದ ಮುಂದೆ ಹೋಗಿ ನಿಲ್ಲುತ್ತಾರೆ. ಬದಿಯಲ್ಲಿ ಕೂತಿದ್ದವನೊಬ್ಬ ಎದ್ದು, ಮರೆಯ ಹತ್ತಿರ ಹೋಗಿ, ಯಂತ್ರದ ಮೇಲೆ ಕೈ ಚಾಚಿ ಬಂದು ಮತ್ತೆ ತನ್ನ ಜಾಗದಲ್ಲಿ ಕೂರುತ್ತಾನೆ. ಇನ್ನೊಬ್ಬರು ಬಂದಾಗಲೂ ಅದೇ. ಮತ್ತೊಬ್ಬರಿಗೂ ಅದೇ. ಈ ವಿಡಿಯೊ ಕೆಲವೇ ತಾಸುಗಳಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದು ದೇಶವೆಲ್ಲ ಸುತ್ತಿತು. ಆತನ ಬಂಧನವಾಯಿತು, ಮತಗಟ್ಟೆಯ ಅಧ್ಯಕ್ಷಾಧಿಕಾರಿ ಅಮಾನತಾದರು, ಮೇ 19ರಂದು ಅಲ್ಲಿ ಮರುಮತದಾನ ನಡೆಯಿತು.

ಆತ ಹೊರಗಿನಿಂದ ನುಗ್ಗಿದ ಪುಂಡನಲ್ಲ. ಪಕ್ಷವೊಂದರ ಮತಗಟ್ಟೆ ಏಜೆಂಟ್. ಆ ಕೊಠಡಿಯೊಳಗೆ ಕೂರಲು ಕಾನೂನೇ ಅವನಿಗೆ ಜಾಗ ಕೊಟ್ಟಿತ್ತು. ಮತ ಕಾಯಲೆಂದು ಕೂರಿಸಿದ ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ನಮ್ಮೂರುಗಳಲ್ಲಿ ‘ಬೂತ್ ಏಜೆಂಟ್’ ಎಂದೇ ಹೆಸರಾದ ಈ ಮನುಷ್ಯನನ್ನು ಪ್ರತಿ ಚುನಾವಣೆಯಲ್ಲೂ ನೋಡಿರುತ್ತೇವೆ. ಗೋಡೆಗೆ ಆನಿಸಿದ ಶಾಲೆಯ ಬೆಂಚು, ಅದರ ಮೇಲೆ ಒತ್ತೊತ್ತಾಗಿ ಕೂತ ಮೂರ್ನಾಲ್ಕು ಜನ, ಕೈಯಲ್ಲಿ ಮತದಾರರ ಪಟ್ಟಿ, ಪೆನ್ನು. ನಾವು ಒಳಗೆ ಕಾಲಿಟ್ಟೊಡನೆ ಒಮ್ಮೆ ಮುಖ ನೋಡಿ ಪಟ್ಟಿಯಲ್ಲಿ ಗೀಟು ಹಾಕುತ್ತಾರೆ. ಪರಿಚಯದವರಾದರೆ ಕಣ್ಣಲ್ಲೇ ನಗುತ್ತಾರೆ. ಅವರಿಗಿರುವ ಅಧಿಕಾರವೇನು, ಅದರ ಎಲ್ಲೆ ಎಲ್ಲಿ ಎಂಬುದು ಮಾತ್ರ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಎಷ್ಟೋ ಸಲ ಆ ಬೆಂಚಿನ ಮೇಲೆ ಕೂತವರಿಗೂ.

ಪಕ್ಷಪಾತಿಗೇ ಕೊಟ್ಟ ಕಾವಲು

ಏಜೆಂಟರ ನೇಮಕಕ್ಕೆ ಆಧಾರ 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 46ನೇ ಕಲಂ. ಕೆಲಸದ ವಿವರ 1961ರ ಚುನಾವಣಾ ನಿಯಮಗಳಲ್ಲಿದೆ. ಪ್ರತಿ ಅಭ್ಯರ್ಥಿ ಒಂದು ಮತಗಟ್ಟೆಗೆ ಒಬ್ಬ ಏಜೆಂಟನನ್ನೂ ಇಬ್ಬರು ಬದಲಿ ಏಜೆಂಟರನ್ನೂ ನೇಮಿಸಬಹುದು. ಆದರೆ ಒಂದು ಹೊತ್ತಿಗೆ ಒಳಗಿರಬೇಕಾದವರು ಒಬ್ಬರೇ. ನಮೂನೆ 10ರಲ್ಲಿ ಅಭ್ಯರ್ಥಿಯ ಅಥವಾ ಅವರ ಚುನಾವಣಾ ಏಜೆಂಟರ ಸಹಿ ಇರುವ ಪತ್ರ ತಂದು ಅಧ್ಯಕ್ಷಾಧಿಕಾರಿಯ ಕೈಗೆ ಕೊಟ್ಟರೆ ಪ್ರವೇಶ. ಕರ್ನಾಟಕದಲ್ಲಿ ಮತಗಟ್ಟೆಗಳು 58 ಸಾವಿರಕ್ಕೂ ಹೆಚ್ಚು. ಒಂದು ಪಕ್ಷ ಎಲ್ಲ ಕಡೆ ಒಬ್ಬೊಬ್ಬರನ್ನು ಕೂರಿಸಬೇಕೆಂದರೂ ಒಂದು ಪಟ್ಟಣದ ಜನವೇ ಬೇಕು. ಪಕ್ಷೇತರರ ಪಾಡು ಹೇಳುವುದೇ ಬೇಡ.

ಯಾರು ಏಜೆಂಟ್ ಆಗಬಹುದು? ಅದೇ ಮತಗಟ್ಟೆಯ ಅಥವಾ ಅಕ್ಕಪಕ್ಕದ ಮತಗಟ್ಟೆಯ ಮತದಾರ. ಅಂಥವರು ಸಿಗದಿದ್ದರೆ ಅದೇ ವಿಧಾನಸಭಾ ಕ್ಷೇತ್ರದ ಬೇರೆ ಕಡೆಯವರೂ ಆಗಬಹುದೆಂದು ಚುನಾವಣಾ ಆಯೋಗ ಆಮೇಲೆ ಸಡಿಲಿಸಿತು. ಮಂತ್ರಿ, ಶಾಸಕ, ಸಂಸದರಿಗೆ ಅವಕಾಶವಿಲ್ಲ. ಅಂಗರಕ್ಷಕರ ಭದ್ರತೆ ಪಡೆದವರಿಗೂ ಇಲ್ಲ. ಸರ್ಕಾರಿ ನೌಕರರು ಏಜೆಂಟರಾಗಿ ಕೂತರೆ ಮೂರು ತಿಂಗಳವರೆಗಿನ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ.

ಅದೇ ಊರಿನವರು ಬೇಕೆನ್ನುವುದಕ್ಕೆ ಕಾರಣವಿದೆ. ಮತಗಟ್ಟೆಯ ಸಿಬ್ಬಂದಿ ಬೇರೆ ಕಡೆಯಿಂದ ಬಂದವರು. ಹಿಂದಿನ ದಿನ ಮಸ್ಟರಿಂಗ್ ಕೇಂದ್ರದಲ್ಲಿ ಯಂತ್ರ ಪಡೆದು ಬಸ್ಸಿನಲ್ಲಿ ಬಂದಿಳಿದ ಅವರಿಗೆ ಪಟ್ಟಿಯಲ್ಲಿರುವುದೆಲ್ಲ ಬರೀ ಹೆಸರು. ಯಾರ ಮನೆಯ ಸೊಸೆ ಬಾಣಂತನಕ್ಕೆ ತವರಿಗೆ ಹೋಗಿದ್ದಾಳೆ, ಯಾರ ಮಗ ದುಬೈ ಸೇರಿದ್ದಾನೆ, ಯಾರ ತಿಥಿ ಊಟ ಹೋದ ತಿಂಗಳಷ್ಟೇ ಮುಗಿಯಿತು ಎನ್ನುವುದು ಗೊತ್ತಿರುವುದು ಬೆಂಚಿನ ಮೇಲೆ ಕೂತವರಿಗೆ. ಮೊದಲ ಮತಗಟ್ಟೆ ಅಧಿಕಾರಿ ಮತದಾರರ ಹೆಸರನ್ನು ಗಟ್ಟಿಯಾಗಿ ಓದುವುದು ಇವರ ಕಿವಿಗೆ ಬೀಳಲೆಂದೇ.

ಅಧಿಕಾರಿಗಳು ತಟಸ್ಥರಾಗಿರಬೇಕೆಂದು ಬಯಸುವ ಕಾನೂನು ಏಜೆಂಟರಿಂದ ಅದನ್ನು ಬಯಸುವುದೇ ಇಲ್ಲ. ಅವರು ಒಂದು ಪಕ್ಷದವರೆಂಬುದು ಎಲ್ಲರಿಗೂ ಗೊತ್ತು. ಒಬ್ಬರ ಮೇಲೊಬ್ಬರಿಗಿರುವ ಅನುಮಾನವನ್ನೇ ಕೆಲಸಕ್ಕೆ ಹಚ್ಚುವ ಏರ್ಪಾಡು ಇದು. ಎದುರಾಳಿ ಪಕ್ಕದಲ್ಲೇ ಕೂತಿದ್ದಾನೆ ಎಂಬ ಎಚ್ಚರ ಇಬ್ಬರನ್ನೂ ಹದ್ದಿನಲ್ಲಿಡುತ್ತದೆ. ಬೆಂಚಿನ ಮೇಲೆ ಒಂದೇ ಪಕ್ಷದವರು ಉಳಿದರೆ ಈ ಲೆಕ್ಕ ತಪ್ಪುತ್ತದೆ.

ಬೆಳಗಿನ ಐವತ್ತು ಮತ

ಮತದಾನ ಬೆಳಿಗ್ಗೆ 7ಕ್ಕೆ ಎಂದರೆ ಏಜೆಂಟರು 5.30ಕ್ಕೇ ಹಾಜರಿರಬೇಕು. ಮತದಾನ ಶುರುವಾಗುವ 90 ನಿಮಿಷ ಮೊದಲು ಅಣಕು ಮತದಾನ. ಎಲ್ಲ ಅಭ್ಯರ್ಥಿಗಳಿಗೂ, ನೋಟಾಕ್ಕೂ ಸೇರಿ ಕಡಿಮೆಯೆಂದರೆ 50 ಮತ ಒತ್ತಬೇಕು. ಯಾರು ಯಾವುದಕ್ಕೆ ಒತ್ತಿದರೆಂದು ಬರೆದಿಟ್ಟು, ಯಂತ್ರ ತೋರಿಸುವ ಲೆಕ್ಕವನ್ನು ವಿವಿಪ್ಯಾಟ್ ಚೀಟಿಗಳ ಲೆಕ್ಕದೊಂದಿಗೆ ತಾಳೆ ನೋಡಬೇಕು. ಏಜೆಂಟರು ಬಂದಿರದಿದ್ದರೆ ಅಧ್ಯಕ್ಷಾಧಿಕಾರಿ 15 ನಿಮಿಷ ಕಾಯುತ್ತಾರೆ. ಆಮೇಲೂ ಬರದಿದ್ದರೆ ಕೆಲಸ ಮುಂದುವರಿಯುತ್ತದೆ.

ತಾಳೆಯಾದ ಮೇಲೆ ‘ಕ್ಲಿಯರ್’ ಗುಂಡಿ ಒತ್ತಿ ಅಣಕು ಮತಗಳನ್ನು ಅಳಿಸಬೇಕು. ಮರೆತರೆ? ಆ 50 ಮತಗಳು ಅಸಲಿ ಮತಗಳ ಜೊತೆ ಬೆರೆತು ಎಣಿಕೆಯ ದಿನ ತಲೆನೋವಾಗುತ್ತವೆ. ಅಂಥ ಯಂತ್ರವನ್ನು ಪಕ್ಕಕ್ಕಿಟ್ಟು, ಅದರ ವಿವಿಪ್ಯಾಟ್ ಚೀಟಿಗಳನ್ನು ಎಣಿಸಬೇಕಾಗುತ್ತದೆ. ಅಣಕು ಮತದಾನದ ಚೀಟಿಗಳನ್ನೂ ಪೆಟ್ಟಿಗೆಯಿಂದ ತೆಗೆದು, ಹಿಂಬದಿಗೆ ಮುದ್ರೆಯೊತ್ತಿ, ಕಪ್ಪು ಲಕೋಟೆಯಲ್ಲಿ ಹಾಕಿ ಮೊಹರು ಮಾಡುತ್ತಾರೆ. ಲಕೋಟೆಯ ಮೇಲೆ ಏಜೆಂಟರ ಸಹಿ ಬೀಳುತ್ತದೆ. ಕಂಟ್ರೋಲ್ ಯೂನಿಟ್‌ಗೆ ಅಂಟಿಸುವ ಹಸಿರು ಕಾಗದದ ಮೊಹರಿನ ಮೇಲೂ ಸಹಿ ಹಾಕಬಹುದು. ಆ ಮೊಹರಿನ ಸಂಖ್ಯೆ, ಯಂತ್ರದ ಸಂಖ್ಯೆ ಎರಡನ್ನೂ ಬರೆದಿಟ್ಟುಕೊಳ್ಳುವುದೇ ಜಾಣ ಏಜೆಂಟನ ಮೊದಲ ಕೆಲಸ. ನಿದ್ದೆಗಣ್ಣಲ್ಲಿ ಬರೆದ ಆ ನಾಲ್ಕು ಅಂಕಿಗಳಿಗೆ ವಾರಗಳ ನಂತರ ಬೆಲೆ ಬರುತ್ತದೆ.

ಅಣಕು ಮತದಾನ ಕಾಟಾಚಾರದ್ದಲ್ಲ ಎಂಬುದಕ್ಕೆ ನೆರೆಯ ಕಾಸರಗೋಡು ಸಾಕ್ಷಿ. 2024ರ ಏಪ್ರಿಲ್‌ನಲ್ಲಿ ಅಲ್ಲಿ ಯಂತ್ರಗಳನ್ನು ಸಿದ್ಧಪಡಿಸುವ ಹಂತದ ಅಣಕು ಮತದಾನದಲ್ಲಿ, ಕೆಲವು ಯಂತ್ರಗಳಿಂದ ಒಂದು ಪಕ್ಷದ ಚಿಹ್ನೆಯ ಹೆಚ್ಚುವರಿ ಚೀಟಿ ಬಂತೆಂದು ಎದುರಾಳಿ ಅಭ್ಯರ್ಥಿಗಳ ಏಜೆಂಟರು ದೂರಿದರು. ಮರುದಿನ ಏಪ್ರಿಲ್ 18ಕ್ಕೆ ವಿಷಯ ಸುಪ್ರೀಂ ಕೋರ್ಟಿನಲ್ಲಿ ಪ್ರಸ್ತಾಪವಾಯಿತು. ಪರಿಶೀಲಿಸುವಂತೆ ಪೀಠ ಸೂಚಿಸಿತು. ಆರೋಪದಲ್ಲಿ ಹುರುಳಿಲ್ಲವೆಂದು ಆಯೋಗ ಅದೇ ದಿನ ಉತ್ತರ ಕೊಟ್ಟಿತು. ದೂರು ನಿಲ್ಲಲಿಲ್ಲ, ನಿಜ. ಆದರೆ ಗಡಿಜಿಲ್ಲೆಯ ಒಂದು ಕೊಠಡಿಯಲ್ಲಿ ಏಜೆಂಟರು ಎತ್ತಿದ ಅನುಮಾನಕ್ಕೆ ಒಂದೇ ದಿನದಲ್ಲಿ ದೆಹಲಿಯಲ್ಲಿ ಉತ್ತರ ಕೊಡಬೇಕಾಯಿತು.

ಎರಡು ರೂಪಾಯಿಯ ಸವಾಲು

ಕಳ್ಳ ಮತದ ಅನುಮಾನ ಬಂದರೆ ಏಜೆಂಟ್ ಎದ್ದು ಮತದಾರನ ಕೈ ಹಿಡಿಯುವಂತಿಲ್ಲ, ಗದರಿಸುವಂತಿಲ್ಲ. ಎರಡು ರೂಪಾಯಿ ಠೇವಣಿಯಿಟ್ಟು ಅಧ್ಯಕ್ಷಾಧಿಕಾರಿಯ ಮುಂದೆ ಆಕ್ಷೇಪ ಎತ್ತಬೇಕು. ಹೌದು, ಇಂದಿಗೂ ಎರಡೇ ರೂಪಾಯಿ. ಅಧ್ಯಕ್ಷಾಧಿಕಾರಿ ಅಲ್ಲೇ ಚುಟುಕು ವಿಚಾರಣೆ ನಡೆಸುತ್ತಾರೆ. ಆಕ್ಷೇಪ ಎತ್ತಿದವರಿಂದ ಪುರಾವೆ ಕೇಳುತ್ತಾರೆ, ಬೇಕಾದರೆ ಊರಿನವರನ್ನೂ ವಿಚಾರಿಸುತ್ತಾರೆ. ಬಂದವರು ಅಸಲಿ ಮತದಾರರೆಂದು ಖಾತ್ರಿಯಾದರೆ ಮತ ಹಾಕುತ್ತಾರೆ. ನಕಲಿಯಾದರೆ ಲಿಖಿತ ದೂರಿನೊಂದಿಗೆ ಪೊಲೀಸರ ವಶಕ್ಕೆ. ಸುಮ್ಮನೆ ಕಾಡಿಸಲು ಎತ್ತಿದ ಆಕ್ಷೇಪವೆಂದು ಕಂಡುಬಂದರೆ ಎರಡು ರೂಪಾಯಿ ಸರ್ಕಾರದ ಪಾಲು.

ಆಕ್ಷೇಪ ಬಾರದೆ ಕಳ್ಳ ಮತ ಬಿದ್ದೇ ಹೋಯಿತು, ಮಧ್ಯಾಹ್ನ ಅಸಲಿ ಮತದಾರರು ಬಂದರು ಎನ್ನಿ. ಅವರನ್ನು ಬರಿಗೈಲಿ ಕಳಿಸುವಂತಿಲ್ಲ. ಗುರುತು ಖಾತ್ರಿಯಾದರೆ ಅವರಿಗೆ ಕಾಗದದ ಮತಪತ್ರ ಕೊಡುತ್ತಾರೆ. ಇದು ‘ಟೆಂಡರ್ ಮತ’. ಬೇರೆ ಲಕೋಟೆಯಲ್ಲಿ ಉಳಿಯುವ ಈ ಮತವನ್ನು ಎಣಿಕೆಯ ದಿನ ತೆರೆಯುವುದಿಲ್ಲ. 2008ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿ ಕಾಂಗ್ರೆಸ್‌ನ ಸಿ.ಪಿ. ಜೋಶಿ ಒಂದೇ ಮತದಿಂದ ಸೋತಾಗ ನಡೆದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅಲ್ಲಿ ಚರ್ಚೆಗೆ ಬಂದದ್ದು ಇಂಥ ಲಕೋಟೆಯೊಳಗಿನ ಮತಗಳೇ.

ಒಂದು ಮತದ ಕಥೆಗೆ ಕರ್ನಾಟಕದವರು ಅಷ್ಟು ದೂರ ಹೋಗಬೇಕಿಲ್ಲ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. 2023ರಲ್ಲಿ ಬೆಂಗಳೂರಿನ ಜಯನಗರದ ಫಲಿತಾಂಶ ನಿಂತದ್ದು 16 ಮತಗಳ ಮೇಲೆ. ಇಂಥ ಕಡೆ ಯಾವುದೋ ಒಂದು ಬೂತಿನಲ್ಲಿ ಯಾರೋ ಎತ್ತದೆ ಬಿಟ್ಟ ಒಂದು ಆಕ್ಷೇಪಕ್ಕೂ ತೂಕವಿರುತ್ತದೆ.

ಬೆಂಚಿನಿಂದ ಆಚೆಗೆ ಇಲ್ಲ

ಏಜೆಂಟರ ಜಾಗ ಮತಗಟ್ಟೆ ಅಧಿಕಾರಿಗಳ ಹಿಂದೆ. ಒಳಬರುವವರ ಮುಖ ಕಾಣಬೇಕು, ಯಂತ್ರದ ಗುಂಡಿ ಕಾಣಬಾರದು. ಕೂರುವ ಸಾಲಿಗೂ ಕ್ರಮವಿದೆ: ಮೊದಲು ರಾಷ್ಟ್ರೀಯ ಪಕ್ಷ, ಆಮೇಲೆ ರಾಜ್ಯ ಪಕ್ಷ, ಕೊನೆಯಲ್ಲಿ ಪಕ್ಷೇತರರು. ಮೊಬೈಲ್ ಒಳಗೆ ತರುವಂತಿಲ್ಲ. ಚಿಹ್ನೆಯಿರುವ ಶಾಲು, ಟೋಪಿ ಬೇಡ. ಮತಗಟ್ಟೆಯ 100 ಮೀಟರ್ ಒಳಗೆ ಮತ ಕೇಳುವುದೇ ಅಪರಾಧವಾದ್ದರಿಂದ, ಪಕ್ಕದಲ್ಲಿ ಹಾದುಹೋಗುವ ನೆಂಟರ ಕಿವಿಯಲ್ಲಿ ‘ನಮ್ಮನ್ನ ಮರೀಬೇಡಿ’ ಎಂದರೂ ತಪ್ಪೇ.

ಎಲ್ಲಕ್ಕಿಂತ ಹೆಚ್ಚು ಮುರಿಯುವ ಆಸೆ ಹುಟ್ಟಿಸುವ ನಿಯಮ ಇನ್ನೊಂದು. ಗೀಟು ಹಾಕಿದ ಮತದಾರರ ಪಟ್ಟಿಯನ್ನು ಮತದಾನ ಮುಗಿಯುವವರೆಗೆ ಹೊರಗೆ ಒಯ್ಯುವಂತಿಲ್ಲ. 100 ಮೀಟರ್ ಆಚೆ ಮೇಜು ಹಾಕಿ ಕೂತ ಪಕ್ಷದವರಿಗೆ ಆ ಹೊತ್ತಿಗೆ ಬೇಕಾದದ್ದು ಅದೊಂದೇ: ಇನ್ನೂ ಯಾರು ಬಂದಿಲ್ಲ? ಊಟಕ್ಕೆಂದು ಎದ್ದ ಏಜೆಂಟ್ ಬದಲಿಯವರಿಗೆ ಪಟ್ಟಿ ಒಪ್ಪಿಸಿ ಬರಿಗೈಲಿ ಹೋಗಬೇಕು. ಹೋದ, ಬಂದ ಸಮಯಕ್ಕೆ ಅಧ್ಯಕ್ಷಾಧಿಕಾರಿಯ ಹಾಳೆಯಲ್ಲಿ ಸಹಿ ಹಾಕಬೇಕು. ಮತದ ಗುಟ್ಟು ಕಾಯುವ ಹೊಣೆಯನ್ನು ಜನತಾ ಪ್ರಾತಿನಿಧ್ಯ ಕಾಯ್ದೆಯ 128ನೇ ಕಲಂ ಅಧಿಕಾರಿಗಳ ಮೇಲಷ್ಟೇ ಅಲ್ಲ, ಏಜೆಂಟರ ಮೇಲೂ ಹೊರಿಸಿದೆ.

ಮುಖ ನೋಡುವ ಹಕ್ಕಿಗೂ ಎಲ್ಲೆಯಿದೆ. 2022ರ ಫೆಬ್ರವರಿಯಲ್ಲಿ ತಮಿಳುನಾಡಿನ ನಗರ ಸ್ಥಳೀಯ ಸಂಸ್ಥೆಗಳ ಚುನಾವಣೆ ನಡೆದಾಗ, ಮದುರೆ ಜಿಲ್ಲೆಯ ಮೇಲೂರಿನಲ್ಲಿ ಹಿಜಾಬ್ ಧರಿಸಿ ಬಂದ ಮಹಿಳೆಯ ಬಗ್ಗೆ ಏಜೆಂಟನೊಬ್ಬ ತಕರಾರು ತೆಗೆದು ಗದ್ದಲ ಎಬ್ಬಿಸಿದ. ಮೊದಲು ವಿರೋಧಿಸಿದವರು ಅದೇ ಕೊಠಡಿಯಲ್ಲಿದ್ದ ಬೇರೆ ಪಕ್ಷಗಳ ಏಜೆಂಟರು. ಮತದಾನ ಸ್ವಲ್ಪ ಹೊತ್ತು ನಿಂತಿತು, ಪೊಲೀಸರು ಆತನನ್ನು ಹೊರಗೆ ಕರೆದೊಯ್ದರು. ಗುರುತು ಪರಿಶೀಲನೆ ಅಧಿಕಾರಿಗಳ ಕೆಲಸ. ಏಜೆಂಟ್ ಮಾಡಬಹುದಾದದ್ದು ಆಕ್ಷೇಪ ಎತ್ತುವುದು ಮಾತ್ರ.

ಅಂಧರು, ಅಶಕ್ತರ ಜೊತೆ ಬರುವ ಸಹಾಯಕರ ಮೇಲೂ ಒಂದು ಕಣ್ಣಿರಬೇಕು. ಒಬ್ಬರು ಆ ದಿನ ಒಬ್ಬ ಮತದಾರರಿಗಷ್ಟೇ ಸಹಾಯಕರಾಗಬಹುದು. ಒಬ್ಬನೇ ಯುವಕ ಬೆಳಿಗ್ಗೆ ಒಬ್ಬ ಅಜ್ಜಿಯನ್ನೂ ಮಧ್ಯಾಹ್ನ ಇನ್ನೊಬ್ಬ ಅಜ್ಜನನ್ನೂ ಕರೆತಂದರೆ ಅದನ್ನು ಗುರುತಿಸುವವರು ಬೆಂಚಿನವರೇ.

ಸಂಜೆಯ ಕಾಗದ

ಗಂಟೆ ಆರಾದಾಗ ಸಾಲು ಇನ್ನೂ ಉದ್ದವಿದ್ದರೆ ಅಧ್ಯಕ್ಷಾಧಿಕಾರಿ ಸಂಖ್ಯೆಯಿರುವ ಚೀಟಿ ಹಂಚುತ್ತಾರೆ, ಕೊನೆಯವರಿಂದ ಶುರುಮಾಡಿ ಮುಂದಕ್ಕೆ. ಆಮೇಲೆ ಬಂದವರು ಸಾಲಿನ ಬಾಲಕ್ಕೆ ಸೇರಿಕೊಳ್ಳದಿರಲೆಂದು ಈ ಉಪಾಯ. ಕೊನೆಯ ಮತ ಬಿದ್ದು ‘ಕ್ಲೋಸ್’ ಗುಂಡಿ ಒತ್ತಿದ ಮೇಲೆ ಏಜೆಂಟರಿಗೆ ಮನೆಯ ಧ್ಯಾನ. ಆದರೆ ಇಡೀ ದಿನದ ಫಲ ಕೈಗೆ ಬರುವುದು ಇನ್ನು ಮೇಲೆಯೇ: ನಮೂನೆ 17ಸಿ.

ಒಂದು ಹಾಳೆಯ ಲೆಕ್ಕ ಅದು. ಮತಗಟ್ಟೆಯ ಒಟ್ಟು ಮತದಾರರು, ರಿಜಿಸ್ಟರಿನಲ್ಲಿ ಸಹಿ ಹಾಕಿದವರು, ಯಂತ್ರದಲ್ಲಿ ದಾಖಲಾದ ಮತಗಳು, ಯಂತ್ರದ ಸಂಖ್ಯೆ, ಮೊಹರಿನ ಸಂಖ್ಯೆ. ಹಾಜರಿರುವ ಪ್ರತಿ ಏಜೆಂಟರಿಗೂ ಇದರ ನಕಲು ಕೊಟ್ಟು ಅಧ್ಯಕ್ಷಾಧಿಕಾರಿ ರಸೀದಿ ಪಡೆಯಬೇಕು. ಯಂತ್ರಗಳನ್ನು ಒಯ್ಯುವ ವಾಹನದ ಹಿಂದೆ ಏಜೆಂಟರು ತಮ್ಮ ಗಾಡಿಯಲ್ಲಿ ಡಿಮಸ್ಟರಿಂಗ್ ಕೇಂದ್ರದವರೆಗೂ ಹೋಗಬಹುದು.

ಈ ಹಾಳೆ 2024ರಲ್ಲಿ ದೇಶದ ಚರ್ಚೆಯಾಯಿತು. ಏಪ್ರಿಲ್ 19ರ ಮೊದಲ ಹಂತದ ಮತದಾನದ ಅಂತಿಮ ಪ್ರಮಾಣವನ್ನು ಆಯೋಗ ಪ್ರಕಟಿಸಿದ್ದು ಏಪ್ರಿಲ್ 30ಕ್ಕೆ. ಎಲ್ಲ ಮತಗಟ್ಟೆಗಳ 17ಸಿ ದಾಖಲೆಗಳನ್ನು 48 ಗಂಟೆಯೊಳಗೆ ವೆಬ್‌ಸೈಟಿನಲ್ಲಿ ಹಾಕಿಸಬೇಕೆಂದು ಚುನಾವಣಾ ಸುಧಾರಣೆಗೆ ದುಡಿಯುವ ಎಡಿಆರ್ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಯಿತು. ಅದು ಏಜೆಂಟರಿಗೆ ಕೊಡುವ ದಾಖಲೆ, ಸಾರ್ವಜನಿಕರಿಗೆ ಕೊಡಬೇಕೆಂಬ ನಿಯಮವಿಲ್ಲ ಎಂದಿತು ಆಯೋಗ. ಮೇ 24ರಂದು ರಜಾಕಾಲದ ಪೀಠ ಮಧ್ಯಂತರ ಆದೇಶ ಕೊಡಲು ಒಪ್ಪಲಿಲ್ಲ. ಮರುದಿನ ಆಯೋಗ ಐದು ಹಂತಗಳಲ್ಲಿ ಕ್ಷೇತ್ರವಾರು ಬಿದ್ದ ಮತಗಳ ಸಂಖ್ಯೆಯನ್ನು ತಾನಾಗಿಯೇ ಬಿಡುಗಡೆ ಮಾಡಿತು. ಇಷ್ಟೆಲ್ಲ ನಡೆಯುವಾಗ, ಬೂತುಬೂತಿನ ಲೆಕ್ಕ ಆಯಾ ಊರಿನ ಏಜೆಂಟರ ಜೇಬಿನಲ್ಲಿರಬೇಕಿತ್ತು. ಯಾರ ಏಜೆಂಟ್ ಆ ಸಂಜೆ ಬೆಂಚಿನ ಮೇಲಿರಲಿಲ್ಲವೋ ಅವರ ಬಳಿ ಮಾತ್ರ ಇರಲಿಲ್ಲ.

ಎಣಿಕೆಯ ದಿನ ಸ್ಟ್ರಾಂಗ್ ರೂಮಿನಿಂದ ಯಂತ್ರ ಬಂದು ಮೇಜಿನ ಮೇಲೆ ಕೂರುತ್ತದೆ. ತಂತಿಬಲೆಯ ಆಚೆ ಕೂತ ಎಣಿಕೆ ಏಜೆಂಟರು ಬೇರೆಯವರೇ ಇರಬಹುದು. ಆದರೆ ಅವರ ಕೈಯಲ್ಲಿರುವ ಹಾಳೆ ಬೂತಿನಿಂದ ಬಂದದ್ದು. ಸಿಬ್ಬಂದಿ ಹಸಿರು ಮೊಹರಿನ ಸಂಖ್ಯೆ ಓದುತ್ತಾರೆ. ಹಾಳೆಯ ಮೇಲೆ ಬೆರಳು ಆ ಸಂಖ್ಯೆಯನ್ನು ಹುಡುಕುತ್ತದೆ, ಸರಿಯಿದೆ. ಯಂತ್ರದ ಪರದೆ ಒಟ್ಟು ಮತ 812 ಎನ್ನುತ್ತದೆ ಎಂದಿಟ್ಟುಕೊಳ್ಳಿ. ಹಾಳೆಯಲ್ಲೂ 812. ಏಜೆಂಟ್ ಹೂಂ ಎನ್ನುತ್ತಾರೆ, ‘ರಿಸಲ್ಟ್’ ಗುಂಡಿಯ ಮೇಲೆ ಬೆರಳು ಬೀಳುತ್ತದೆ.