ಮಣಿಕಟ್ಟಿನ ನೋವು ಬರೀ ಉಳುಕೇ? ಒಳಗೆ ಲಿಗಮೆಂಟ್ ಹರಿದಿರಬಹುದು!

ಬೈಕಿನಿಂದ ಜಾರಿದಾಗ, ಕಬಡ್ಡಿ ಆಡುವಾಗ ಅಂಗೈ ಊರಿ ಬೀಳುವುದು ಸಹಜ. ಎಕ್ಸ್‌ರೇಯಲ್ಲಿ ಮೂಳೆ ಮುರಿದಿಲ್ಲ ಎಂದು ಗೊತ್ತಾದರೆ 'ಉಳುಕಿದೆ ಅಷ್ಟೇ' ಅಂತ ಎಣ್ಣೆ ತಿಕ್ಕಿ ಸುಮ್ಮನಾಗುವವರೇ ಹೆಚ್ಚು. ಆದರೆ ವಾರಗಳು ಕಳೆದರೂ ಬೀಗದ ಕೀ ತಿರುಗಿಸುವಾಗ, ಬಟ್ಟೆ ಹಿಂಡುವಾಗ, ಸುಜೂದಿನಿಂದ ಕೈ ಊರಿ ಏಳುವಾಗ ಕಿರುಬೆರಳಿನ ಬದಿಯಲ್ಲಿ ಚುಳ್ ಎಂದರೆ ನಿರ್ಲಕ್ಷ್ಯ ಸಲ್ಲದು.

ಒಳಗೆ ಏನಾಗಿರುತ್ತದೆ?

ಮಣಿಕಟ್ಟಿನಲ್ಲಿ 8 ಸಣ್ಣ ಮೂಳೆಗಳಿವೆ. ಅವನ್ನು ಲಿಗಮೆಂಟ್‌ಗಳು ಹಗ್ಗದಂತೆ ಕಟ್ಟಿ ಹಿಡಿದಿವೆ. ಕಿರುಬೆರಳಿನ ಬದಿಯಲ್ಲಿ ಮೃದ್ವಸ್ಥಿಯ ತ್ರಿಕೋನ ಮೆತ್ತೆಯೊಂದಿದೆ. ಅದನ್ನೂ ಸುತ್ತಲಿನ ಲಿಗಮೆಂಟ್‌ಗಳನ್ನೂ ಸೇರಿಸಿ ವೈದ್ಯರು ಟಿಎಫ್‌ಸಿಸಿ ಎನ್ನುತ್ತಾರೆ. ಇವು ಹರಿದರೆ ಎಕ್ಸ್‌ರೇಯಲ್ಲಿ ನೇರವಾಗಿ ಕಾಣುವುದಿಲ್ಲ. ಎಂಆರ್‌ಐ ಬೇಕಾಗುತ್ತದೆ, ಕೆಲವೊಮ್ಮೆ ಅದರಲ್ಲೂ ತಪ್ಪಿಹೋಗುತ್ತದೆ.

ಆರ್ತ್ರೋಸ್ಕೊಪಿ ಎಂದರೇನು?

ಎಲ್ಲರಿಗೂ ಆಪರೇಷನ್ ಬೇಕಿಲ್ಲ. ಮೊದಲು ಪಟ್ಟಿ, ಔಷಧ, ಫಿಸಿಯೋಥೆರಪಿ. ಮಣಿಕಟ್ಟು ಸಡಿಲವಾಗಿದ್ದರೆ ಅಥವಾ ನೋವು ಇಳಿಯದಿದ್ದರೆ ಆರ್ತ್ರೋಸ್ಕೊಪಿ. ಬೆರಳುಗಳನ್ನು ಮೇಲಕ್ಕೆ ಎಳೆದು ಕಟ್ಟಿ, ಸಣ್ಣ ರಂಧ್ರಗಳ ಮೂಲಕ 2ರಿಂದ 3 ಮಿ.ಮೀ. ದಪ್ಪದ ಕ್ಯಾಮೆರಾ ಹಾಗೂ ಉಪಕರಣ ಇಳಿಸುತ್ತಾರೆ. ಮೆತ್ತೆಯ ಅಂಚಿಗೆ ರಕ್ತಸಂಚಾರ ಇರುವುದರಿಂದ ಅಲ್ಲಿ ಹೊಲಿಗೆ ಹಾಕಿದರೆ ಕೂಡಿಕೊಳ್ಳುತ್ತದೆ. ನಡುಭಾಗಕ್ಕೆ ರಕ್ತ ತಲುಪದ ಕಾರಣ ಹರಿದ ಚೂರನ್ನು ಸವರಿ ತೆಗೆಯುತ್ತಾರೆ.

ತಡ ಮಾಡಿದರೆ?

ಮೂಳೆಗಳನ್ನು ಬಿಗಿದಿಡುವ ಮುಖ್ಯ ಲಿಗಮೆಂಟ್ ಹರಿದದ್ದು ಹಾಗೇ ಉಳಿದರೆ ಮೂಳೆಗಳು ಜಾಗ ತಪ್ಪಿ, ವರ್ಷಗಳ ನಂತರ ಸಂಧಿವಾತ ಬರಬಹುದು. ಮೊದಲ ಕೆಲವು ವಾರಗಳಲ್ಲೇ ಪತ್ತೆಯಾದರೆ ರಿಪೇರಿ ಸುಲಭ.

ಹಿಂದೂಪುರ, ಕಲ್ಯಾಣದುರ್ಗದಂತಹ ಗಡಿ ಊರುಗಳಲ್ಲಿ ಮಗ್ಗ, ಮೂಟೆ, ಗ್ಯಾರೇಜ್ ಕೆಲಸದವರಿಗೆ ಕೈಯೇ ಬಂಡವಾಳ. ದಿನಗೂಲಿ ತಪ್ಪುತ್ತದೆಂದು ಚಿಕಿತ್ಸೆ ಮುಂದೂಡುವವರಿದ್ದಾರೆ. ಹಿಂದೂಪುರದಿಂದ ಬೆಂಗಳೂರಿಗೆ ಸುಮಾರು 100 ಕಿ.ಮೀ. ಹೊರಡುವ ಮೊದಲೇ ಕೈ ಸರ್ಜರಿಯ ತಜ್ಞರಿದ್ದಾರೆಯೇ, ತಮ್ಮ ರಾಜ್ಯದ ಆರೋಗ್ಯ ಕಾರ್ಡ್ ಅಲ್ಲಿ ನಡೆಯುತ್ತದೆಯೇ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿಕೊಂಡರೆ ಅಲೆದಾಟ ತಪ್ಪುತ್ತದೆ.

ಆಪರೇಷನ್ ನಂತರ

ಹೊಲಿಗೆ ಹಾಕಿದ್ದರೆ ಸಾಮಾನ್ಯವಾಗಿ 4ರಿಂದ 6 ವಾರ ಪಟ್ಟಿ ಇರುತ್ತದೆ, ಭಾರದ ಕೆಲಸಕ್ಕೆ ಮರಳಲು ಹಲವು ತಿಂಗಳು ಬೇಕು. ಬೀಡಿ, ಸಿಗರೇಟು ಗಾಯ ಮಾಯುವುದನ್ನು ತಡಮಾಡುತ್ತವೆ. ಪಟ್ಟಿ ಇರುವಾಗ ವುಝೂ, ಸುಜೂದ್ ಹೇಗೆಂದು ಉಸ್ತಾದರನ್ನು ಕೇಳಿ ತಿಳಿದುಕೊಳ್ಳಬಹುದು. ರೋಗಿಗೆ ದೀನ್‌ನಲ್ಲಿ ರಿಯಾಯಿತಿ ಇದೆ. 'ಪರವಾಗಿಲ್ಲ' ಎಂದು ಕೈ ಊರಿ ಹೊಲಿಗೆ ಕಿತ್ತುಕೊಳ್ಳುವ ಅಗತ್ಯವಿಲ್ಲ.